ಬೆರಳಣ್ಣನೂ ನಾನೂರ ಹನ್ನೆರಡು ಡ್ರೈವರುಗಳೂ

ಹತ್ತು ಬೆರಳಿರುವ ಮನುಷ್ಯ ಹತ್ತರವರೆಗೆ ಎಣಿಸಬೇಕೆಂಬುದು ಸೃಷ್ಟಿಯ ನಿಯಮ. ನನಗೆ ತಿಳಿದಂತೆ ಅದನ್ನು ಮುರಿದವನು ಒಬ್ಬನೇ: ಡ್ರೈವಿಂಗ್ ಲೈಸೆನ್ಸ್ ಕಚೇರಿಯ ಎರಡನೆಯ ಮಹಡಿಯಲ್ಲಿ, ದಾಖಲೆ ವಿಭಾಗದ ಕಿಟಕಿ ಪಕ್ಕ ಕೂರುವ ನಮ್ಮ ಬೆರಳಣ್ಣ. ಅವನು ಅದೇ ಹತ್ತು ಬೆರಳಿನಲ್ಲಿ ಸಾವಿರದ ಇಪ್ಪತ್ತಮೂರರವರೆಗೆ ಎಣಿಸುತ್ತಾನೆ. ಸೃಷ್ಟಿಕರ್ತ ಇನ್ನೊಂದು ಕೈ ದಯಪಾಲಿಸಿದ್ದರೆ ಊರಿನ ಮೂವತ್ತೊಂದು ಸಾವಿರ ಡ್ರೈವರುಗಳನ್ನೂ ಬೆರಳಲ್ಲೇ ಮುಗಿಸಿ ಕಂಪ್ಯೂಟರನ್ನು ಗುಜರಿಗೆ ಹಾಕಿಸುತ್ತಿದ್ದ ಎಂಬುದು ನಮ್ಮ ಕ್ಯಾಂಟೀನು ಸರ್ವಾನುಮತದಿಂದ ಒಪ್ಪಿರುವ ಮಾತು.

ಉಪಾಯ ಸರಳ. ಬಲಗೈಯ ಹೆಬ್ಬೆರಳು ಎದ್ದರೆ ಒಂದು, ತೋರುಬೆರಳು ಎದ್ದರೆ ಎರಡು, ನಡುಬೆರಳು ನಾಲ್ಕು, ಉಂಗುರಬೆರಳು ಎಂಟು, ಕಿರುಬೆರಳು ಹದಿನಾರು. ಎಡಗೈಗೆ ದಾಟಿದರೆ ಮೂವತ್ತೆರಡು, ಅರವತ್ತನಾಲ್ಕು, ಹೀಗೆ ಪ್ರತಿ ಬೆರಳಿಗೂ ದುಪ್ಪಟ್ಟು. ಎದ್ದ ಬೆರಳುಗಳನ್ನೆಲ್ಲ ಕೂಡಿದರೆ ಲೆಕ್ಕ ಮುಗಿಯಿತು. ಹೇಳಲು ಸರಳ, ಮಾಡಹೊರಟರೆ ಉಂಗುರಬೆರಳು ಒಂಟಿಯಾಗಿ ಏಳುವುದಿಲ್ಲ ಎಂದು ಹಟ ಹಿಡಿಯುತ್ತದೆ. ಬೆರಳಣ್ಣನದು ಏಳುತ್ತದೆ. ಇಪ್ಪತ್ತೆರಡು ವರ್ಷದ ಸರ್ಕಾರಿ ಸೇವೆಯಲ್ಲಿ ಅವನು ಸಂಪಾದಿಸಿದ ಸಿದ್ಧಿ ಅದು.

ಈ ವಿದ್ಯೆ ಅವನಿಗೆ ಕಷ್ಟವನ್ನೂ ತಂದಿತ್ತು. ನಾಲ್ಕು ಎಂದರೆ ನಡುಬೆರಳೊಂದೇ ನೆಟ್ಟಗೆ ನಿಲ್ಲಬೇಕಲ್ಲ? ಆಸ್ಪತ್ರೆಯೊಂದರ ಲಿಫ್ಟಿನಲ್ಲಿ, ಯಾವ ಮಹಡಿ ಎಂದು ಕೇಳಿದವನಿಗೆ ಯಾವುದೋ ಗುಂಗಿನಲ್ಲಿ ನಾಲ್ಕನ್ನು ತೋರಿಸಿಬಿಟ್ಟ. ರೋಗಿಯೊಬ್ಬರನ್ನು ಮಾತಾಡಿಸಲು ಹೋದವನು ತಾನೇ ರೋಗಿಯಾಗಿ ದಾಖಲಾಗುವುದರಲ್ಲಿದ್ದ. ಇನ್ನೊಮ್ಮೆ ರಸ್ತೆ ದಾಟಲು ನಿಂತು ಏನನ್ನೋ ಲೆಕ್ಕ ಹಾಕುತ್ತಿದ್ದಾಗ ಮೂರು ಲಾರಿಗಳು ಬ್ರೇಕ್ ಹಾಕಿ, ಮುಂದಿನ ಅಪ್ಪಣೆಗಾಗಿ ಕಾದು ನಿಂತಿದ್ದವಂತೆ. ಮೂರು ಎನ್ನುವುದು ನನ್ನ ಲೆಕ್ಕ. ಕ್ಯಾಂಟೀನಿನಲ್ಲಿ ಅದೀಗ ಹನ್ನೊಂದಾಗಿದೆ.

ಆದರೆ ಆ ಬೆರಳುಗಳಿಗೆ ದಿನಕ್ಕೊಂದು ಸಂತೋಷದ ಗಳಿಗೆಯೂ ಇತ್ತು. ಬೆಳಿಗ್ಗೆ ಹತ್ತೂ ಕಾಲಿಗೆ ಕಚೇರಿಯ ಕೆಳಗಿನ ರಸ್ತೆಯಲ್ಲಿ ಹದಿನಾಲ್ಕನೇ ನಂಬರಿನ ಬಸ್ಸು ಬರುತ್ತಿತ್ತು. ಅದನ್ನು ಓಡಿಸುತ್ತಿದ್ದವರು ಬೆರಳಣ್ಣನ ಅಕ್ಕನ ಗಂಡ. ಅವನಿಗೆ ಭಾವ, ಹಾಗಾಗಿ ಇಡೀ ಕಚೇರಿಗೇ ಭಾವ. ಅವರು ಮೂರು ಸಲ ಹಾರ್ನ್ ಒತ್ತುತ್ತಿದ್ದರು. ಬೆರಳಣ್ಣ ಕಿಟಕಿಯಿಂದ ಕೈ ಹೊರಗೆ ಹಾಕಿ ನಡುವಿನ ಮೂರು ಬೆರಳು ಎತ್ತುತ್ತಿದ್ದ: ಎರಡು, ನಾಲ್ಕು, ಎಂಟು, ಒಟ್ಟು ಹದಿನಾಲ್ಕು. ಆ ಬಸ್ಸಿನ ಪ್ರಯಾಣಿಕರು ಅದನ್ನು ಯಾವುದೋ ಆಶೀರ್ವಾದ ಎಂದುಕೊಂಡಿದ್ದರು. ಕೆಲವರು ವಾಪಸು ಕೈಯನ್ನೂ ಮುಗಿಯುತ್ತಿದ್ದರು.

ಒಂದು ಗುರುವಾರ ಹಾರ್ನ್ ಕೇಳಲಿಲ್ಲ. ಹನ್ನೊಂದು ಗಂಟೆಗೆ ಭಾವ ತಾವೇ ಮೆಟ್ಟಿಲು ಹತ್ತಿ ಬಂದರು. ಖಾಕಿ ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿಕೊಂಡಿತ್ತು.

"ಏನ್ ಭಾವ, ಬಸ್ ಎಲ್ಲಿ?" ಎಂದ ಬೆರಳಣ್ಣ.

"ಬಸ್ಸಾ? ಅದು ನನಗೆ ಓಡಿಸೋಕೆ ಬರಲ್ವಂತೆ ಕಣಯ್ಯಾ. ಸ್ಕೂಟರೂ ಬರಲ್ವಂತೆ. ಡಿಪೋದಿಂದ ಇಲ್ಲೀ ತನಕ ತಳ್ಳಿಕೊಂಡು ಬಂದೆ."

"ಯಾರಂದ್ರು?"

"ನಿಮ್ಮ ಕಂಪ್ಯೂಟರ್ ಅಂತು."

ನಡೆದದ್ದು ಇಷ್ಟು. ನಮ್ಮ ಕಚೇರಿಗೆ ಒಂದನೇ ತಾರೀಖಿನಿಂದ ಹೊಸ ಸಾಫ್ಟ್‌ವೇರ್ ಬಂದಿತ್ತು. ಬಸ್ ಡಿಪೋದವರು ಹುರುಪಿನಿಂದ ತಮ್ಮ ಡ್ರೈವರುಗಳ ಹೆಸರನ್ನು ಒಂದೊಂದಾಗಿ ಅದರಲ್ಲಿ ಹುಡುಕಿ ನೋಡಿದ್ದರು. ಭಾವನ ಪುಟದಲ್ಲಿ ಬಸ್ ಇರಲಿಲ್ಲ, ಕಾರ್ ಇರಲಿಲ್ಲ, ಸ್ಕೂಟರ್ ಇರಲಿಲ್ಲ. ಇದ್ದದ್ದು ಮೂರು: ಟ್ರ್ಯಾಕ್ಟರ್, ಕ್ರೇನ್ ಮತ್ತು ಸುರಂಗ ಕೊರೆಯುವ ಯಂತ್ರ. ನಮ್ಮೂರಲ್ಲಿ ಸುರಂಗವಿಲ್ಲ. ಕೊರೆಯಲು ಗುಡ್ಡವೂ ಇಲ್ಲ. ಭಾವ ಜೇಬಿನಿಂದ ಲೈಸೆನ್ಸ್ ಕಾರ್ಡು ತೆಗೆದು ಬಸ್ ಎಂದು ಅಚ್ಚಾಗಿದ್ದನ್ನು ತೋರಿಸಿದರೆ, ಡಿಪೋದ ಗುಮಾಸ್ತ "ಕಾರ್ಡು ಹಳೇದು, ಕಂಪ್ಯೂಟರ್ ಹೊಸದು" ಎಂದನಂತೆ. ಸೋಮವಾರ ಬೆಳಿಗ್ಗೆ ಹತ್ತರೊಳಗೆ ಪರದೆಯ ಮೇಲೆ ಬಸ್ ಎಂದು ಕಾಣಿಸದಿದ್ದರೆ ಭಾವನಿಗೆ ಸ್ಟಿಯರಿಂಗ್ ಇಲ್ಲ. ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ. ಹದಿನಾಲ್ಕನೇ ನಂಬರನ್ನು ಇನ್ನೊಬ್ಬರಿಗೆ ಬರೆದೂ ಆಗಿತ್ತು.

ಹೊಸ ಸಾಫ್ಟ್‌ವೇರಿನ ಕಂಪನಿಯಿಂದ ಒಬ್ಬ ತಜ್ಞ ನಮ್ಮಲ್ಲೇ ಬಂದು ಕೂತಿದ್ದ. ಪ್ರತಿ ಮಾತನ್ನೂ 'ಬೇಸಿಕಲಿ' ಎಂದು ಶುರುಮಾಡುತ್ತಿದ್ದುದರಿಂದ ಎರಡನೆಯ ದಿನಕ್ಕೇ ಅವನ ನಿಜವಾದ ಹೆಸರು ನಮಗೆ ಮರೆತುಹೋಗಿತ್ತು. ಶುಕ್ರವಾರ ಮೇಡಂ, ಎಂದರೆ ನಮ್ಮ ಮುಖ್ಯಾಧಿಕಾರಿ, ಅವನನ್ನೂ ಬೆರಳಣ್ಣನನ್ನೂ ಒಂದೇ ಪರದೆಯ ಮುಂದೆ ಕೂರಿಸಿದರು. ನಾವು ನಾಲ್ಕಾರು ಜನ ಹಿಂದೆ ನಿಂತೆವು.

"ಬೇಸಿಕಲಿ," ಎಂದ ಬೇಸಿಕಲಿ, "ನನ್ನ ಕ್ವೆರಿಯಲ್ಲಿ ತಪ್ಪಿಲ್ಲ. ನೀವೇ ನೋಡಿ."

ನೋಡಿದೆವು. ಓದುವವರಿಗೆ ಅರ್ಥವಾಗಲಿ ಎಂದು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮನೆಯ ಗೋಡೆಯ ಮೇಲೆ ಅಕ್ಕಪಕ್ಕ ಎರಡು ಸ್ವಿಚ್‌ಬೋರ್ಡುಗಳಿವೆ ಎಂದುಕೊಳ್ಳಿ. ಒಂದೊಂದರಲ್ಲಿ ಎಂಟೆಂಟು ಸ್ವಿಚ್ಚು. ಬಲಗಡೆಯ ಬೋರ್ಡಿನಲ್ಲಿ ಒಂದನೆಯದು ಸ್ಕೂಟರ್, ಮೂರನೆಯದು ಕಾರ್, ಆರನೆಯದು ಬಸ್. ಎಡಗಡೆಯ ಬೋರ್ಡಿನಲ್ಲಿ ಒಂದನೆಯದು ಟ್ರ್ಯಾಕ್ಟರ್, ಮೂರನೆಯದು ಕ್ರೇನ್, ಆರನೆಯದು, ಯಾವ ದೂರದೃಷ್ಟಿಯ ಸಮಿತಿ ಸೇರಿಸಿತ್ತೋ, ಸುರಂಗ ಕೊರೆಯುವ ಯಂತ್ರ. ಯಾರಿಗೆ ಯಾವುದು ಓಡಿಸಲು ಬರುತ್ತದೋ ಆ ಸ್ವಿಚ್ಚು ಆನ್. ನಮ್ಮ ಡೇಟಾಬೇಸಿನಲ್ಲಿ ಪ್ರತಿಯೊಬ್ಬ ಡ್ರೈವರನ ಜೀವನ ಸಾಧನೆಯೂ ಈ ಎರಡು ಬೋರ್ಡುಗಳಲ್ಲಿ ಮುಗಿದುಹೋಗುತ್ತದೆ. ಒಳಗೆ ಅದು ಇರುವುದು ಅಕ್ಷರವಾಗಿ ಅಲ್ಲ, ಅಂಕಿಯಾಗಿಯೂ ಅಲ್ಲ, ಬರೀ ಆನ್ ಆಫ್‌ಗಳ ಸಾಲಾಗಿ. ಕ್ವೆರಿ ಎಂಬ ಪ್ರಶ್ನೆ ಹೋಗಿ ಆ ಸಾಲನ್ನು ಅಂಕಿಯಾಗಿ ಪರಿವರ್ತಿಸಿ, ಅಂಕಿಯನ್ನು ವಾಹನದ ಹೆಸರುಗಳಾಗಿ ಬಿಡಿಸಿ ತರುತ್ತದೆ.

ಭಾವನ ಸಾಲು ಪರದೆಯ ಮೇಲೆ ಬಂತು. ಎಡಗಡೆಯ ಬೋರ್ಡಿನಲ್ಲಿ ಒಂದು, ಮೂರು, ಆರು ಆನ್. ಬಲಗಡೆಯದು ಪೂರ್ತಿ ಕತ್ತಲೆ.

ಬೆರಳಣ್ಣನ ಬೆರಳುಗಳು ತಮ್ಮಷ್ಟಕ್ಕೇ ಎದ್ದವು. ಬಲಗೈಯ ಹೆಬ್ಬೆರಳು, ಬಲಗೈಯ ನಡುಬೆರಳು, ಎಡಗೈಯ ಮೊದಲ ಬೆರಳು: ಒಂದು, ನಾಲ್ಕು, ಮೂವತ್ತೆರಡು. ಮೂವತ್ತೇಳು. ಆಮೇಲೆ ಅವನು ನಮ್ಮ ಕಚೇರಿಯ ಇತಿಹಾಸದಲ್ಲೇ ನಡೆಯದ ಕೆಲಸವೊಂದನ್ನು ಮಾಡಿದ. ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

"ಏನಾದ್ರೂ ಹೊಳೀತಾ?" ಎಂದರು ಮೇಡಂ.

"ಇಲ್ಲ ಮೇಡಂ. ಯೋಚ್ನೆ ಮಾಡ್ತಿದ್ದೀನಿ."

ಭಾವನ ದುಃಖದಲ್ಲಿ ವಿದ್ಯೆಯನ್ನೇ ತ್ಯಾಗ ಮಾಡಿದ ಎಂದು ನಮ್ಮ ಕಣ್ಣು ತುಂಬಿಬಂತು.

ಇಂಥ ಸುರಂಗವೀರರು ಊರಲ್ಲಿ ಇನ್ನೆಷ್ಟು ಜನ ಎಂದು ಬೇಸಿಕಲಿ ಹುಡುಕಿದ. ಬಲಗಡೆ ಕತ್ತಲೆ, ಎಡಗಡೆ ಬೆಳಕು ಇರುವವರು ನಾನೂರಕ್ಕೂ ಹೆಚ್ಚು ಸಿಕ್ಕರು. ಅದರಲ್ಲಿ ಶಾಲಾವಾಹನ ಓಡಿಸುವವರಿದ್ದರು, ಒಬ್ಬ ದಂತವೈದ್ಯೆ ಇದ್ದಳು. ದಂತವೈದ್ಯೆಗೆ ಕೊರೆಯುವ ಅನುಭವವಾದರೂ ಇದೆ ಎಂದು ಯಾರೋ ಹಿಂದಿನಿಂದ ಅಂದರು.

"ಹಳೇ ಸಾಫ್ಟ್‌ವೇರಿನಲ್ಲಿ ಇವರೆಲ್ಲ ಸರಿಯಾಗೇ ಕಾಣ್ತಿದ್ರಲ್ರೀ," ಎಂದರು ಮೇಡಂ.

"ಬೇಸಿಕಲಿ, ಹಳೇದರಲ್ಲಿ ಏನೋ ದೋಷ ಇದ್ದಿರಬೇಕು. ಮೂವತ್ತು ಸಾವಿರ ಜನಕ್ಕೆ ಸರಿ ಬಂದ ಕ್ವೆರಿ ಇವರಿಗೆ ಮಾತ್ರ ಯಾಕೆ ತಪ್ಪು ಬರತ್ತೆ? ಡೇಟಾ ಸುಳ್ಳು ಹೇಳಲ್ಲ ಮೇಡಂ."

ಮೂಲ ಅರ್ಜಿಗಳನ್ನು ನೋಡೋಣವೆಂದರೆ ಅವು ನೆಲಮಾಳಿಗೆಯಲ್ಲಿದ್ದವು. ಪೈಪು ಒಡೆದು ನೀರು ನುಗ್ಗಿದ ವರ್ಷದಿಂದ ಅವೆಲ್ಲ ಒಂದಕ್ಕೊಂದು ಅಂಟಿಕೊಂಡು, ನಾಲ್ಕು ಜನ ಸೇರಿದರೂ ಎತ್ತಲಾಗದ ಒಂದೇ ಅರ್ಜಿಯಾಗಿದ್ದವು.

ಶನಿವಾರ ಬೇಸಿಕಲಿಗೆ ಒಂದು ಅನುಮಾನ ಬಂತು. ಎರಡು ಬೋರ್ಡುಗಳು ಅದಲುಬದಲಾಗಿರಬಹುದೇ? ಜಾಣ, ಒಪ್ಪಬೇಕು. ಬಲಗಡೆ ಕತ್ತಲೆ ಇರುವವರದ್ದನ್ನೆಲ್ಲ ಒಂದೇ ಏಟಿಗೆ ತಿರುಗಿಸಿ ನೋಡಿದ. ಭಾವ ಬಸ್ಸಿಗೆ ಮರಳಿದರು, ದಂತವೈದ್ಯೆ ಕಾರಿಗೆ ಮರಳಿದಳು. ನಾವು ಚಪ್ಪಾಳೆ ತಟ್ಟುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸರಕು ಸಾಗಣೆಯ ಅಂಗಳದ ಕ್ರೇನ್ ಚಾಲಕಿ.

"ನಮ್ಮ ಸೂಪರ್‌ವೈಸರ್ ಈಗ ಕೆಳಗಿಂದ ಕೂಗ್ತಿದ್ದಾರೆ, ನಿನ್ ಲೈಸೆನ್ಸು ಕಾರಿಂದಂತೆ ಕಣಮ್ಮಾ ಅಂತ. ನಾನು ಮೂರು ಮಹಡಿ ಎತ್ತರದಲ್ಲಿ ಕೂತಿದ್ದೀನಿ, ಕೊಕ್ಕೆಯಲ್ಲಿ ಕಂಟೇನರ್ ನೇತಾಡ್ತಿದೆ. ಈಗ ನಾನು ಇಳೀಲಾ, ಬೇಡ್ವಾ?"

ನಿಜವಾದ ಕ್ರೇನಿನವರು ಊರಲ್ಲಿ ಏಳು ಜನ. ಅವರದ್ದೂ ಬಲಗಡೆ ಕತ್ತಲೆಯೇ, ನ್ಯಾಯವಾಗಿಯೇ ಕತ್ತಲೆ. ನೋಟಕ್ಕೆ ನಿಜವಾದ ಕ್ರೇನಿನವರೂ ಸುಳ್ಳು ಕ್ರೇನಿನವರೂ ಒಂದೇ. ಬೇಸಿಕಲಿ ಬೆವರುತ್ತ ಎಲ್ಲವನ್ನೂ ಮೊದಲಿನಂತೆ ಮಾಡಿದ. ಚಾಲಕಿ ಕ್ರೇನಿನಲ್ಲೇ ಉಳಿದಳು, ಭಾವ ವಾಪಸು ಸುರಂಗಕ್ಕೆ ಹೋದರು. ಸೋಮವಾರ ಹತ್ತು ಗಂಟೆಗೆ ಅನುಮಾನ ಇರುವ ಅಷ್ಟೂ ಲೈಸೆನ್ಸುಗಳಿಗೆ ಬೀಗ ಹಾಕುವುದು, ಅವರೆಲ್ಲ ಹೊಸದಾಗಿ ಡ್ರೈವಿಂಗ್ ಪರೀಕ್ಷೆ ಕೊಡುವುದು ಎಂದು ತೀರ್ಮಾನವಾಯಿತು. ಪರೀಕ್ಷೆಯ ಸರದಿ ಎಂಟು ತಿಂಗಳಷ್ಟು ಉದ್ದವಿತ್ತು.

ಬೆರಳಣ್ಣ ಅಷ್ಟು ಹೊತ್ತೂ ಮೂಲೆಯಲ್ಲಿ ನಿಂತಿದ್ದ. ಕೈ ಜೇಬಿನಲ್ಲೇ ಇತ್ತು. ಒಮ್ಮೆ ಬಾಯಿ ತೆರೆದ. ಎಲ್ಲರೂ ತಿರುಗಿ ನೋಡಿದೆವು. ಆಕಳಿಸಿ ಮುಚ್ಚಿಕೊಂಡ. ಅಂಥ ಮಹಾ ತಪಸ್ಸು.

ಭಾನುವಾರ ಬೆಳಿಗ್ಗೆ ನಡೆದದ್ದನ್ನು ಅವನ ಅಕ್ಕನೇ ಆಮೇಲೆ ನನಗೆ ಹೇಳಿದಳು. ಇವನಿರುವುದು ಮೇಲಿನ ಮನೆಯಲ್ಲಿ, ಅವರಿರುವುದು ಕೆಳಗಿನದರಲ್ಲಿ. ಅಕ್ಕ ಮೆಟ್ಟಿಲಲ್ಲೇ ಇವನನ್ನು ಹಿಡಿದುಕೊಂಡಳು.

"ಲೋ, ಬಾ ಇಲ್ಲಿ. ಮೂರು ದಿನ ಆಯ್ತು, ನಿಮ್ಮ ಭಾವ ಮನೇಲಿದ್ದಾರೆ. ಅಡಿಗೆಮನೆಗೆ ಬರೋವಾಗೆಲ್ಲ ಹಾರ್ನ್ ಮಾಡು ಅಂತಾರೆ. ನಾನು ಬಾಗಿಲ ಹತ್ರ ನಿಂತ್ರೆ 'ಒಳಗೆ ಹೋಗ್ರೀ, ಒಳಗೆ ಖಾಲಿ ಇದೆ' ಅಂತಾರೆ. ಎಂಟು ತಿಂಗಳು ಹೀಗೇ ಆದ್ರೆ ನಾನೇ ಸುರಂಗ ಕೊರ್ಕೊಂಡು ಓಡಿಹೋಗ್ತೀನಿ, ಹೇಳಿರ್ತೀನಿ."

"ಆಗತ್ತೆ ಬಿಡಕ್ಕ."

"ಏನ್ ಆಗತ್ತೆ? ಊರಿಗೆಲ್ಲ ಬೆರಳಾಡಿಸ್ತೀಯ. ಭಾವನ ವಿಷಯಕ್ಕೆ ಬಂದ್ರೆ ಕೈ ಜೇಬಲ್ಲಿ!"

ಒಳಗೆ ಭಾವ ಮಂಚದ ಮೇಲೆ ಕೂತು ಖಾಕಿ ಅಂಗಿಯನ್ನು ಮಡಚುತ್ತಿದ್ದರು. ಇಸ್ತ್ರಿ ಮಾಡಿ, ಗುಂಡಿ ಹಾಕಿ, ಮತ್ತೆಂದೂ ಬಿಚ್ಚದ ಬಟ್ಟೆಯನ್ನು ಮಡಚುವಂತೆ. ಹದಿನಾಲ್ಕನೇ ನಂಬರಿನ ತಗಡಿನ ಬಿಲ್ಲೆಯನ್ನು ಅದರ ಮೇಲೆ ಇಟ್ಟರು. ಹಾಸ್ಯ ಮಾಡದೆ ಅವರು ಒಂದು ವಾಕ್ಯ ಮುಗಿಸಿದ್ದನ್ನು ಬೆರಳಣ್ಣ ಅದುವರೆಗೆ ಕೇಳಿರಲಿಲ್ಲ.

"ಬಾಮೈದ, ನಿಂಗೆ ಗೊತ್ತಿರತ್ತೆ, ಅದ್ಕೆ ಕೇಳ್ತೀನಿ. ಈ ಸುರಂಗದ್ದು ಕಲಿಯೋಕೆ ಎಷ್ಟು ದಿನ ಹಿಡೀಬಹುದು? ಈ ವಯಸ್ಸಲ್ಲಿ ಆಗತ್ತಾ?"

ಬೆರಳಣ್ಣ ಜೇಬಿನಲ್ಲಿದ್ದ ಕೈಗಳನ್ನು ಇನ್ನಷ್ಟು ಆಳಕ್ಕೆ ಇಳಿಸಿದ.

"ನಿಂದೇನೂ ತಪ್ಪಿಲ್ಲ ಬಿಡು," ಎಂದರು ಭಾವ. "ನನ್ನ ಲೈಸೆನ್ಸು ಆಗಿದ್ದೇ ನಿನ್ನ ಕೈಗುಣದಿಂದ. ನೆನಪಿದ್ಯಾ, ನೀನು ಕೆಲಸಕ್ಕೆ ಸೇರಿ ಇನ್ನೂ ಮೂರು ದಿನ ಆಗಿತ್ತು. ಗಾಜಿನ ಹಿಂದೆ ಕೂತು ಟಪಟಪ ಅಂತ ಹೊಡೆದೆ. ನಾನು ಹೊರಗೆ ನಿಂತು ಎಲ್ರಿಗೂ ಹೇಳಿದೆ, ನೋಡ್ರಪ್ಪಾ, ನನ್ನ ಬಾಮೈದ ಅಂತ."

ಬೆರಳಣ್ಣ ಕಾಫಿಯನ್ನೂ ಮುಟ್ಟದೆ ಎದ್ದು ಮೇಲೆ ಹೋದನಂತೆ.

ಸೋಮವಾರ ಒಂಬತ್ತೂವರೆಗೆ ಬೇಸಿಕಲಿ ಬೀಗ ಹಾಕುವ ಕ್ವೆರಿಯನ್ನು ಬರೆದು, ಗುಂಡಿ ಒತ್ತುವುದೊಂದನ್ನು ಹತ್ತು ಗಂಟೆಗೆ ಉಳಿಸಿಕೊಂಡು, ಗಡಿಯಾರ ನೋಡುತ್ತ ಕೂತಿದ್ದ. ಕೆಳಗೆ ಪರೀಕ್ಷಾ ಮೈದಾನದಲ್ಲಿ ಕಲಿಯುವವರು ಎಂಟರ ಆಕಾರದಲ್ಲಿ ಸ್ಕೂಟರು ಸುತ್ತುತ್ತಿದ್ದರು. ಡಿಪೋದಿಂದ ಎರಡು ಸಲ ಫೋನ್ ಬಂದಿತ್ತು. ಒಂಬತ್ತೂ ಮುಕ್ಕಾಲಿಗೆ ಬೆರಳಣ್ಣ ಬಂದ. ಕೈ ಜೇಬಿನಿಂದ ಹೊರಗಿತ್ತು. ನಾವೆಲ್ಲ ಎದ್ದು ನಿಂತೆವು.

"ಏಳಿ," ಎಂದ ಬೇಸಿಕಲಿಗೆ. ಬೇಸಿಕಲಿ ಎದ್ದ. ಆ ಮನುಷ್ಯ ಬೇಸಿಕಲಿ ಎನ್ನದೆ ಮಾಡಿದ ಮೊದಲ ಕೆಲಸ ಅದು.

ಬೆರಳಣ್ಣ ಕೂತು ಮೂರು ಸಾಲು ಬರೆದ. ಮೊದಲನೆಯದರಲ್ಲಿ, ಎರಡು ಬೋರ್ಡುಗಳನ್ನು ಅದಲುಬದಲು ಮಾಡು ಎಂದ. ಎರಡನೆಯದರಲ್ಲಿ, ಎಲ್ಲರದ್ದಲ್ಲ ಎಂದ. ಮೂರನೆಯದರಲ್ಲಿ ಲೈಸೆನ್ಸ್ ಸಂಖ್ಯೆ ಹದಿನೆಂಟು ಸಾವಿರದ ಇನ್ನೂರ ಆರರಿಂದ ಹದಿನೆಂಟು ಸಾವಿರದ ಆರುನೂರ ಹದಿನೇಳರವರೆಗೆ ಮಾತ್ರ ಎಂದ.

"ಯಾಕೆ ಅಲ್ಲಿಂದ ಅಲ್ಲಿಗೇ?" ಎಂದ ಬೇಸಿಕಲಿ.

ಬೆರಳಣ್ಣ ಗುಂಡಿ ಒತ್ತಿದ. ನಾನೂರ ಹನ್ನೆರಡು ಸಾಲುಗಳು ಬದಲಾದವು ಎಂದು ಪರದೆ ಹೇಳಿತು.

ಮೇಡಂ ಒಂದೊಂದಾಗಿ ನೋಡಿದರು. ದಂತವೈದ್ಯೆ ಕಾರಿನಲ್ಲಿದ್ದಳು. ಶಾಲಾವಾಹನದವರು ಶಾಲಾವಾಹನದಲ್ಲಿದ್ದರು. ಕ್ರೇನಿನವರು ಏಳೂ ಜನ ಅವರವರ ಎತ್ತರದಲ್ಲೇ ಕ್ಷೇಮವಾಗಿದ್ದರು. ಭಾವನ ಪುಟ ತೆರೆದಾಗ ಸ್ಕೂಟರ್, ಕಾರ್, ಬಸ್. ಮೂವತ್ತೇಳು. ಇಡೀ ಊರಿನಲ್ಲಿ ಸುರಂಗ ಕೊರೆಯಬಲ್ಲವನು ಒಬ್ಬನೂ ಉಳಿದಿರಲಿಲ್ಲ. ಆ ಒಂದು ನಷ್ಟ ಊರಿಗೆ ಆಗಿದ್ದು ನಿಜ.

ಮೇಡಂ ಡಿಪೋಗೆ ಫೋನ್ ಮಾಡುವಾಗ ಗಂಟೆ ಒಂಬತ್ತೂ ಐವತ್ತೆರಡು. ಅಲ್ಲೇ ಕಾದು ಕೂತಿದ್ದ ಭಾವನಿಗೂ ನಡೆದದ್ದನ್ನೆಲ್ಲ ಹೇಳಿದರು.

ಹತ್ತೂ ಕಾಲಿಗೆ ಕೆಳಗೆ ಮೂರು ಸಲ ಹಾರ್ನ್ ಕೇಳಿತು. ಬೆರಳಣ್ಣ ಕಿಟಕಿಗೆ ಹೋಗಲಿಲ್ಲ. ಬಸ್ಸು ನಿಂತೇಬಿಟ್ಟಿತು. ಬಿಲ್ಲೆ ತೊಟ್ಟ ಖಾಕಿ ಅಂಗಿಯಲ್ಲಿ ಭಾವ ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದರು.

"ಎಲ್ಲಿ ನಮ್ಮ ಬಾಮೈದ? ಬಸ್ಸಲ್ಲಿ ಐವತ್ತು ಜನಕ್ಕೆ ಹೇಳ್ಕೊಂಡು ಬಂದೆ! ಬೆರಳಲ್ಲೇ ಎಣಿಸಿದ, ಬೆರಳಲ್ಲೇ! ಕಂಪನಿಯೋರು ಸೂಟುಬೂಟು ಹಾಕ್ಕೊಂಡು ಬಂದು ಮೂರು ದಿನ ತಡಕಾಡಿದ್ರು, ನಮ್ಮೋನು ಮೂರೇ ಸಾಲು!"

"ಬೇಸಿಕಲಿ, ನಾನು ಸೂಟ್ ಹಾಕಲ್ಲ," ಎಂದ ಬೇಸಿಕಲಿ ಸಣ್ಣ ದನಿಯಲ್ಲಿ.

ಮೇಡಂಗೂ ಉತ್ಸಾಹ ತಡೆಯಲಾಗಲಿಲ್ಲ. ಮೇಲಿನ ಕಚೇರಿಗೆ ಒಂದು ಪ್ರಶಂಸಾಪತ್ರ ಕಳಿಸಲೇಬೇಕು ಎಂದು ಕಾಗದ ತೆಗೆದು, ಕನ್ನಡಕ ಏರಿಸಿ, ಅಲ್ಲೇ ನಿಂತು ಬರೆಯತೊಡಗಿದರು. 'ನಮ್ಮ ದಾಖಲೆ ವಿಭಾಗದ ಇವರು ತಮ್ಮ ಅಸಾಧಾರಣ ಪ್ರತಿಭೆಯಿಂದ' ಎಂಬಲ್ಲಿಗೆ ಪೆನ್ನು ನಿಂತಿತು.

"ಒಂದು ನಂಬರ್ ಹೆಚ್ಚಿಲ್ಲ, ಒಂದು ನಂಬರ್ ಕಮ್ಮಿ ಇಲ್ಲ. ಯಾವ ವಿಧಾನದಿಂದ ಪತ್ತೆ ಹಚ್ಚಿದಿರಿ ಅಂತ ಬರೀಲಿ?"

ನಾವು ಅವನ ಬೆರಳುಗಳನ್ನೇ ನೋಡುತ್ತಿದ್ದೆವು. ಅವು ಮೇಜಿನ ಮೇಲೆ ಅಲುಗದೆ ಬಿದ್ದಿದ್ದವು. ಕೆಳಗೆ ಯಾರೋ ಪ್ರಯಾಣಿಕ ತಾಳ್ಮೆಗೆಟ್ಟು ತಾನೇ ಹಾರ್ನ್ ಒತ್ತಿದ.

"ಹೇಳಯ್ಯಾ ಬಾಮೈದ, ನಾಚ್ಕೋಬೇಡ," ಎಂದು ಭಾವ ಅವನ ಹೆಗಲು ತಟ್ಟಿದರು. "ಬಸ್ಸಲ್ಲಿ ಎಲ್ರೂ ಕಾಯ್ತಿದ್ದಾರೆ, ಹೋಗಿ ಹೇಳ್ಬೇಕು ನಾನು."

ಬೆರಳಣ್ಣ ಭಾವನ ಎದೆಯ ಮೇಲಿನ ತಗಡಿನ ಬಿಲ್ಲೆಯನ್ನು ಒಮ್ಮೆ ನೋಡಿದ, ಆಮೇಲೆ ಮೇಡಂ ಕೈಯಲ್ಲಿದ್ದ ಕಾಗದವನ್ನು ನೋಡಿದ.

"ಹದಿನೆಂಟು ಸಾವಿರದ ಇನ್ನೂರ ಆರು, ನಾನು ಕೆಲಸಕ್ಕೆ ಸೇರಿದ ದಿನದ ಮೊದಲನೇ ಅರ್ಜಿ ಮೇಡಂ. ಆಗ ಕೈಯಲ್ಲೇ ಲೆಕ್ಕ ಹಾಕಿ ಟೈಪ್ ಮಾಡ್ಬೇಕಿತ್ತು, ನಾನು ಬಲಗಡೇದು ಎಡಗಡೆ, ಎಡಗಡೇದು ಬಲಗಡೆ ಹಾಕ್ತಿದ್ದೆ. ಆರುನೂರ ಹದಿನೇಳಕ್ಕೆ ಹಳೇ ಸಾಹೇಬ್ರು ನೋಡಿ ಬೈದ್ರು. ಅಷ್ಟೂ ಮತ್ತೆ ಹೊಡೆಯೋಕೆ ಬೇಜಾರಾಯ್ತು, ಅದ್ಕೆ ಇಷ್ಟನ್ನ ಮಾತ್ರ ತಿರುಗಿಸಿ ಓದ್ಕೋ ಅಂತ ಹಳೇ ಸಾಫ್ಟ್‌ವೇರಿಗೆ ಒಂದು ಸಾಲು ಸೇರಿಸಿದ್ದೆ. ಹೊಸದಕ್ಕೆ ಹೇಳೋದು ಮರ್ತುಹೋಯ್ತು."